ಒಳಮಗ್ಗುಲು ತಿರುಗಿಸಿ ನೋಡಿ

ಕೇಳುಗರಿಗೆ ನಮಸ್ಕಾರ.

ನಗರದ ಸಣ್ಣ ಸಣ್ಣ ಬುಟಿಕ್‌ಗಳ ಬಗ್ಗೆ, ಅವು ನಾಲ್ಕಾರು ಸೇರಿ ವಾರಾಂತ್ಯದಲ್ಲಿ ನಡೆಸುವ ಮಾರಾಟ ಮೇಳಗಳ ಬಗ್ಗೆ ಮಾತನಾಡಿ ಎಂದು ನನ್ನನ್ನು ಕರೆದಿದ್ದಾರೆ. ಈಗ ಯಾವ ಬಣ್ಣ ಓಡುತ್ತಿದೆ, ತೋಳು ಉದ್ದವೋ ಗಿಡ್ಡವೋ, ಅದನ್ನೂ ಸ್ವಲ್ಪ ಹೇಳಿ ಎಂದರು. ಹೇಳುವುದಿಲ್ಲ. ಅದಕ್ಕೆಂದೇ ಅಂಗಡಿಯ ಗಾಜಿನ ಹಿಂದೆ ಬೊಂಬೆಗಳನ್ನು ನಿಲ್ಲಿಸಿರುತ್ತಾರೆ. ನಾನು ಬಟ್ಟೆ ಕತ್ತರಿಸುವುದನ್ನು ಕಲಿಸುವವಳು. ನನ್ನ ಹತ್ತಿರ ಇರುವುದು ಒಂದೇ ಮಾತು: ಕೊಳ್ಳುವ ಮೊದಲು ಉಡುಪನ್ನು ಒಳಮಗ್ಗುಲು ತಿರುಗಿಸಿ ನೋಡಿ. ಈ ಮಾತು ಮುಗಿಯುವಷ್ಟರಲ್ಲಿ ಇದನ್ನೇ ಇನ್ನೂ ಹಲವು ಸಲ ಹೇಳುತ್ತೇನೆ. ಬೇಸರ ಪಡಬೇಡಿ.

ಈ ಹೊತ್ತಿನಲ್ಲಿ ರೇಡಿಯೊ ಹಾಕಿಕೊಂಡವರಲ್ಲಿ ಕೆಲವರಾದರೂ ಇಸ್ತ್ರಿ ಮಾಡುತ್ತಿರುತ್ತೀರಿ. ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಮುಂದಿರುವ ಅಂಗಿಯನ್ನು ಒಳಗಿನದು ಹೊರಗೆ ಬರುವಂತೆ ತಿರುಗಿಸಿ. ಕಂಕುಳಿನಿಂದ ಸೊಂಟದವರೆಗೆ ಬದಿಯ ಹೊಲಿಗೆ ಇಳಿದು ಬಂದಿದೆಯಲ್ಲ, ಅದರಾಚೆ ಎಷ್ಟು ಬಟ್ಟೆ ಉಳಿದಿದೆ? ಕಾರ್ಖಾನೆಯ ಅಂಗಿಯಾದರೆ ಸಾಮಾನ್ಯವಾಗಿ ಒಂದು ಸೆಂಟಿಮೀಟರ್ ಇರುತ್ತದೆ. ಅದರ ಅಂಚಿಗೆ, ಎಳೆ ಬಿಚ್ಚದಂತೆ ನೂಲು ಸುತ್ತುವ ಓವರ್‌ಲಾಕ್ ಹೊಲಿಗೆ ಹೊಡೆದು ಮುಗಿಸಿರುತ್ತಾರೆ. ಕೈಯಲ್ಲಿ ಕತ್ತರಿಸಿ ಹೊಲಿದವರ ಅಂಗಿಯಾದರೆ ಮುಕ್ಕಾಲು ಅಂಗುಲ, ಕೆಲವೊಮ್ಮೆ ಒಂದು ಅಂಗುಲ ಇರುತ್ತದೆ. ನಾವು ಇದನ್ನು ಮಾರ್ಜಿನ್ ಎನ್ನುತ್ತೇವೆ. ಲೆಕ್ಕ ಸುಲಭ. ಎರಡು ಬದಿ, ಬದಿಗೆ ಎರಡು ಪದರ, ಒಟ್ಟು ನಾಲ್ಕು. ಪದರಕ್ಕೆ ಅರ್ಧ ಅಂಗುಲ ಬಿಚ್ಚಿದರೆ ಅಂಗಿಯ ಸುತ್ತಳತೆ 2 ಅಂಗುಲ ಹೆಚ್ಚುತ್ತದೆ. ಮೈ ತುಂಬಿಕೊಂಡರೂ ಅಂಗಿಯನ್ನು ಎಸೆಯಬೇಕಾಗಿಲ್ಲ. ಒಂದು ಸೆಂಟಿಮೀಟರ್‌ನ ಅಂಗಿಯಲ್ಲಿ ಬಿಚ್ಚಲು ಏನೂ ಇರುವುದಿಲ್ಲ. ಕಾರ್ಖಾನೆಯವರು ಬಟ್ಟೆಯನ್ನು ಹತ್ತಾರು ಪದರ ಹಾಸಿ, ಯಂತ್ರದಲ್ಲಿ ಒಮ್ಮೆಗೇ ಕತ್ತರಿಸುತ್ತಾರೆ. ಒಂದೊಂದು ಅಂಗಿಯಲ್ಲಿ ಉಳಿಸಿದ ಆ ಅರ್ಧ ಅಂಗುಲದಷ್ಟು ಅಗಲದ ಪಟ್ಟಿಗಳು ಸೇರಿ ಸಾವಿರ ಅಂಗಿಯ ಹೊತ್ತಿಗೆ ಥಾನುಗಟ್ಟಲೆ ಬಟ್ಟೆಯಾಗುತ್ತದೆ. ಅವರ ಲಾಭ ಅಲ್ಲಿದೆ. ಅದರ ಮೇಲೆ ನನಗೆ ಸಿಟ್ಟಿಲ್ಲ.

ಸಿಟ್ಟು ಬರುವುದು ಬೇರೆ ಕಡೆ. ಕಾರ್ಖಾನೆಯ ಬೆಲೆಯ ಎರಡು ಮೂರು ಪಟ್ಟು ಕೊಟ್ಟು ಬುಟಿಕ್‌ನಲ್ಲಿ ಕೊಂಡ ಉಡುಪಿನ ಒಳಗೂ ಅದೇ ಒಂದು ಸೆಂಟಿಮೀಟರ್ ಕಂಡಾಗ.

ಸಣ್ಣ ಅಂಗಡಿಗೆ ನಾವು ಹೆಚ್ಚು ಹಣ ಕೊಡುವುದು ಏಕೆ? ಹೊಲಿಸಿದವರು ಗಲ್ಲಾದ ಹಿಂದೆಯೇ ಕುಳಿತಿರುತ್ತಾರೆ, ನಮ್ಮ ಮೈಯನ್ನು ಕಣ್ಣಾರೆ ನೋಡಿ ನಾಳೆಯ ಉಡುಪನ್ನು ತಿದ್ದುತ್ತಾರೆ ಎಂದು. 1955ರಲ್ಲಿ ಬ್ರಿಟನ್ನಿನ ಉಡುಪು ವಿನ್ಯಾಸಕಿ ಮೇರಿ ಕ್ವಾಂಟ್ ಲಂಡನ್ನಿನ ಕಿಂಗ್ಸ್ ರೋಡಿನಲ್ಲಿ ‘ಬಜಾರ್’ ಎಂಬ ಅಂಗಡಿ ತೆರೆದಾಗ ಅವರಿಗೆ ಇಪ್ಪತ್ತೈದು ವರ್ಷ. ಮೊದಲು ಅವರೂ ಬೇರೆಯವರು ಮಾಡಿದ್ದನ್ನು ಸಗಟು ದರದಲ್ಲಿ ತಂದು ಮಾರಿದರು. ತಮಗೆ ಬೇಕಾದಂಥದ್ದು ಸಗಟು ಪೇಟೆಯಲ್ಲಿ ಸಿಗದೆ ಹೋದಾಗ ತಾವೇ ಹೊಲಿಯಲು ಕುಳಿತರು. ದಿನದ ವ್ಯಾಪಾರದ ಹಣದಲ್ಲಿ ಬಟ್ಟೆ ಕೊಳ್ಳುವುದು, ರಾತ್ರಿ ಹೊಲಿಯುವುದು, ಬೆಳಗ್ಗೆ ಅಂಗಡಿಯಲ್ಲಿ ತೂಗುಹಾಕುವುದು. ನಿನ್ನೆ ಕೊಂಡವರು ಏನೆಂದರು ಎನ್ನುವುದು ಇವತ್ತಿನ ಕತ್ತರಿಗೆ ಗೊತ್ತು. ಸಾವಿರ ಅಂಗಿ ಮೊದಲೇ ಹೊಲಿಸಿಟ್ಟುಕೊಂಡ ದೊಡ್ಡ ಮಳಿಗೆಗೆ ಈ ಭಾಗ್ಯವಿಲ್ಲ.

ಆದರೆ ಹೊಲಿಸುವ ಬುಟಿಕ್ ಯಾವುದು, ತಂದು ಮಾರುವ ಬುಟಿಕ್ ಯಾವುದು ಎಂದು ಬಾಗಿಲಲ್ಲಿ ನಿಂತವರಿಗೆ ತಿಳಿಯುವುದಿಲ್ಲ. ಎರಡರಲ್ಲೂ ಅದೇ ಹಳದಿ ದೀಪ, ಅದೇ ಮರದ ಹ್ಯಾಂಗರ್, ಅದೇ ಕೈಬರಹದ ಚೀಟಿ. ಒಳಮಗ್ಗುಲಿಗೆ ಮಾತ್ರ ಸುಳ್ಳು ಹೇಳಲು ಬರುವುದಿಲ್ಲ.

ಒಂದು ಸಂಗತಿ ಹೇಳುತ್ತೇನೆ. ಒಂದು ಮಾರಾಟ ಮೇಳಕ್ಕೆ ನನ್ನನ್ನು ಅತಿಥಿಯಾಗಿ ಕರೆದಿದ್ದರು. ಸಂಜೆಯ ಮೇಳ, ಸಂಗೀತ, ಗದ್ದಲ. ಅತಿಥಿಯ ಕೆಲಸ ರಿಬ್ಬನ್ ಕತ್ತರಿಸಿ, ನಾಲ್ಕು ಮಳಿಗೆಗಳ ಮುಂದೆ ನಗುತ್ತಾ ನಿಂತು, ಫೋಟೊ ಕೊಟ್ಟು ಹೊರಡುವುದು. ರಿಬ್ಬನ್ನನ್ನೇನೋ ಕತ್ತರಿಸಿದೆ. ಮೊದಲನೆಯ ಮಳಿಗೆಯಲ್ಲಿ ಒಂದು ನೀಲಿ ನಿಲುವಂಗಿ ತೂಗುತ್ತಿತ್ತು. ಬಟ್ಟೆ ಒಳ್ಳೆಯದು, ಬಣ್ಣವೂ ಒಳ್ಳೆಯದು. ಮಳಿಗೆಯ ಹುಡುಗಿ ಬಹಳ ಚುರುಕು. “ಇದು ನಮ್ಮದೇ ವಿನ್ಯಾಸ ಮೇಡಂ, ನಮ್ಮದೇ ಕಾರ್ಯಾಗಾರದಲ್ಲಿ ಹೊಲಿಸಿದ್ದು, ಈ ಥರದ್ದು ಇದೊಂದೇ ಇರುವುದು” ಎಂದಳು. ನಾನು ನಿಲುವಂಗಿಯನ್ನು ಹ್ಯಾಂಗರಿನಿಂದ ಇಳಿಸಿ ಒಳಮಗ್ಗುಲು ತಿರುಗಿಸಿದೆ. ಹುಡುಗಿಯ ಮಾತು ಅಲ್ಲಿಗೇ ನಿಂತಿತು.

ಕತ್ತಿನ ಹಿಂಭಾಗದಲ್ಲಿ ಅಂಗಡಿಯ ಹೆಸರಿನ ಪಟ್ಟಿ ಇತ್ತು. ಅಂದವಾದ ಪಟ್ಟಿ, ನಾಲ್ಕು ಮೂಲೆಗೂ ಕೈಹೊಲಿಗೆ. ಅದರ ಕೆಳಗೆ, ಅರ್ಧ ಬೆರಳಿನಷ್ಟು ದೂರದಲ್ಲಿ, ಬಟ್ಟೆಯ ಮೇಲೆ ಒಂದೇ ಸಾಲಿನಲ್ಲಿ ಸಣ್ಣ ಸಣ್ಣ ತೂತುಗಳು, ಹಲ್ಲು ಕಿತ್ತ ಒಸಡಿನಂತೆ. ಅಲ್ಲಿ ಮೊದಲು ಇನ್ನೊಂದು ಪಟ್ಟಿ ಇತ್ತು. ಯಂತ್ರದ ಸೂಜಿ ಚುಚ್ಚಿದ ಕಡೆ ಒತ್ತು ನೇಯ್ಗೆಯ ಬಟ್ಟೆ ಬೇಗ ಕೂಡಿಕೊಳ್ಳುವುದಿಲ್ಲ. ಬ್ಲೇಡಿನಿಂದ ನೂಲು ಬಿಚ್ಚಿದರೂ ಗುರುತು ಉಳಿಯುತ್ತದೆ. ಒಂದು ಮೂಲೆಯಲ್ಲಿ ಹಳೆಯ ಪಟ್ಟಿಯ ಬಿಳಿ ನೂಲಿನ ತುಂಡೂ ಉಳಿದಿತ್ತು. ಒಳಗಿನ ಮಾರ್ಜಿನ್ ಒಂದು ಸೆಂಟಿಮೀಟರ್. ಬದಿಯ ಹೊಲಿಗೆಯಲ್ಲಿ, ಸೊಂಟದ ಕೆಳಗೆ, ಇನ್ನೊಂದು ಪುಟ್ಟ ಪಟ್ಟಿಯ ಬುಡ. ಒಗೆಯುವ ಸೂಚನೆಗಳ ಪಟ್ಟಿಯನ್ನು ಕತ್ತರಿಯಿಂದ ಕತ್ತರಿಸಿ ತೆಗೆದು, ಹೊಲಿಗೆಯೊಳಗೆ ಸಿಕ್ಕಿಕೊಂಡ ಬುಡವನ್ನು ಹಾಗೆಯೇ ಬಿಟ್ಟಿದ್ದರು.

ಉಡುಪಿನೊಳಗೆ ತಮ್ಮ ಹೆಸರಿನ ಪಟ್ಟಿ ಹೊಲಿಯುವ ರೂಢಿ ತಂದ ಮೊದಲಿಗರಲ್ಲಿ ಚಾರ್ಲ್ಸ್ ಫ್ರೆಡರಿಕ್ ವರ್ತ್ ಒಬ್ಬರು. 1858ರಲ್ಲಿ ಪ್ಯಾರಿಸ್ಸಿನಲ್ಲಿ ತಮ್ಮ ಉಡುಪಿನ ಮನೆ ತೆರೆದವರು. ಇದನ್ನು ಮಾಡಿದವನು ನಾನು, ಕೆಟ್ಟರೆ ನನ್ನನ್ನು ಕೇಳಿ ಎನ್ನುವುದು ಆ ಪಟ್ಟಿಯ ಅರ್ಥ. ಬೇರೆಯವರ ಪಟ್ಟಿ ಕಿತ್ತು ತನ್ನದನ್ನು ಅಂಟಿಸುವವರು ಯಾವುದಕ್ಕೆ ಜವಾಬು ಕೊಟ್ಟಾರು? ತಂದು ಮಾರುವುದು ತಪ್ಪಲ್ಲ. ಒಳ್ಳೆಯ ಕಣ್ಣಿರುವವರು ಹುಡುಕಿ ತಂದದ್ದಕ್ಕೂ ಬೆಲೆ ಇದೆ. ತಂದದ್ದನ್ನು ಹೊಲಿಸಿದ್ದು ಎಂದು ಹೇಳಿ, ಹೊಲಿಸಿದ್ದರ ಬೆಲೆ ಕೇಳುವುದು ತಪ್ಪು.

ನಾನು ಆ ಹುಡುಗಿಗೆ ಏನೂ ಹೇಳಲಿಲ್ಲ. ಅವಳು ಸಂಬಳಕ್ಕೆ ನಿಂತವಳು, ಹೇಳಿಕೊಟ್ಟದ್ದನ್ನು ಹೇಳಿದ್ದಳು. ಆದರೆ ನನ್ನ ಹಿಂದೆ ಬಂದ ಇಬ್ಬರು ಹೆಂಗಸರು ಎಲ್ಲವನ್ನೂ ನೋಡಿದ್ದರು. ಅವರು ಪಕ್ಕದ ಮಳಿಗೆಗೆ ಹೋಗಿ ತಾವೇ ಉಡುಪು ತಿರುಗಿಸಲು ಶುರು ಮಾಡಿದರು. ಸ್ವಲ್ಪ ಹೊತ್ತಿನಲ್ಲಿ ಆ ಸಾಲಿನ ಮಳಿಗೆಗಳಲ್ಲೆಲ್ಲಾ ಉಡುಪುಗಳು ಒಳಗು ಹೊರಗಾಗಿ ತೂಗುತ್ತಿದ್ದವು. ಮೇಳದವರು ಬಂದು, ತಿಂಡಿಯ ವ್ಯವಸ್ಥೆ ಆ ಕಡೆ ಇದೆ ಎಂದು ನನ್ನನ್ನು ಮೆಲ್ಲಗೆ ಕರೆದುಕೊಂಡು ಹೋದರು. ಆಮೇಲೆ ಅವರಿಂದ ಕರೆ ಬಂದಿಲ್ಲ.

ಹೋಗುವ ದಾರಿಯಲ್ಲಿ, ಕೊನೆಯ ಮೂಲೆಯಲ್ಲಿ, ದೀಪವೂ ಸರಿಯಾಗಿ ಬೀಳದ ಕಡೆ ಒಬ್ಬ ಹಿರಿಯ ಹೆಂಗಸು ಹತ್ತು ಹನ್ನೆರಡು ಅಂಗಿಗಳನ್ನು ಹಗ್ಗದ ಮೇಲೆ ಹಾಕಿಕೊಂಡು ಕುಳಿತಿದ್ದರು. ಅಲಂಕಾರ ಏನೂ ಇಲ್ಲ. ಒಂದು ಪಟ್ಟೆ ಪಟ್ಟೆಯ ಅಂಗಿಯನ್ನು ತಿರುಗಿಸಿದೆ. ಬದಿಯಲ್ಲಿ ಪೂರ್ತಿ ಒಂದು ಅಂಗುಲ ಮಾರ್ಜಿನ್. ಹೊಲಿಗೆ ಅಂಗುಲಕ್ಕೆ ಹನ್ನೆರಡು, ಒಂದೇ ಸಮ. ಮುಂಭಾಗದ ಪಟ್ಟೆ ಹಿಂಭಾಗದ ಪಟ್ಟೆಗೆ ಹೊಲಿಗೆಯ ಗೆರೆಯಲ್ಲಿ ಸರಿಯಾಗಿ ಕೂಡಿತ್ತು. ಬಟ್ಟೆಯನ್ನು ಉಳಿಸಲು ನೋಡುವವರು ಹೀಗೆ ಪಟ್ಟೆ ಕೂಡಿಸುವುದಿಲ್ಲ, ಏಕೆಂದರೆ ಕೂಡಿಸಲು ಬಟ್ಟೆ ಹೆಚ್ಚು ಬೇಕು. ಕಂಕುಳಿನ ಬಳಿ ಸೀಮೆಸುಣ್ಣದ ತೆಳು ಗೆರೆ ಇನ್ನೂ ಇತ್ತು. ಕೆಳಗಿನ ಮಡಿಕೆಯಲ್ಲಿ ತೆಗೆಯಲು ಮರೆತ ಕಚ್ಚಾ ಹೊಲಿಗೆಯ ಒಂದು ಎಳೆ. “ಇಷ್ಟು ಬಟ್ಟೆ ಒಳಗೆ ಬಿಟ್ಟರೆ ನಿಮಗೆ ಗಿಟ್ಟುತ್ತದೆಯೇ?” ಎಂದು ಕೇಳಿದೆ. “ಕೊಂಡವರು ದಪ್ಪಗಾಗದೇ ಇರುತ್ತಾರೆಯೇ ಅಮ್ಮಾ? ಆಗ ನನ್ನ ಹತ್ತಿರವೇ ತರುತ್ತಾರೆ, ಬಿಚ್ಚಿ ಕೊಡುತ್ತೇನೆ” ಎಂದರು. ಅವರ ವ್ಯಾಪಾರ ನಿಂತಿರುವುದು ಆ ಒಂದು ಅಂಗುಲದ ಮೇಲೆ. ಆ ಸಂಜೆ ಅವರ ಅಂಗಿಗಳಲ್ಲಿ ಎಷ್ಟು ಮಾರಾಟವಾದವೋ, ನಾನು ಒಂದನ್ನು ತಂದೆ.

ಹಾಗಾದರೆ ಒಳಗೆ ನೋಡಬೇಕಾದದ್ದು ಏನು? ಮಾರ್ಜಿನ್, ಆಗಲೇ ಹೇಳಿದೆ. ಹೊಲಿಗೆ: ಸಾಧಾರಣ ದಪ್ಪದ ಬಟ್ಟೆಯಲ್ಲಿ ಅಂಗುಲಕ್ಕೆ ಹತ್ತರಿಂದ ಹನ್ನೆರಡು ಇರಬೇಕು. ಆರು ಏಳು ಇದ್ದರೆ ಹೊಲಿದವರು ಅವಸರದಲ್ಲಿದ್ದರು ಎಂದು ತಿಳಿಯಿರಿ. ಹೊಲಿಗೆಯ ಎರಡು ಬದಿಯ ಬಟ್ಟೆಯನ್ನು ಹಿಡಿದು ಮೆಲ್ಲಗೆ ಎಳೆಯಿರಿ. ನೂಲು ಹಲ್ಲು ತೋರಿಸಿದರೆ ಬೇಡ. ಗುಂಡಿಯ ಕಾಜಗಳ ಅಂಚಿನಲ್ಲಿ ನೂಲು ಎದ್ದಿದೆಯೇ ನೋಡಿ. ಹ್ಯಾಂಗರಿಗೆ ಹಾಕಿದಾಗ ಬದಿಯ ಹೊಲಿಗೆ ನೇರವಾಗಿ ಇಳಿಯದೆ ಹೊಟ್ಟೆಯ ಕಡೆಗೆ ತಿರುಗಿಕೊಂಡರೆ, ಬಟ್ಟೆಯ ಉದ್ದಕ್ಕೆ ಓಡುವ ಹಾಸು ನೂಲನ್ನು ಲೆಕ್ಕಿಸದೆ ಓರೆಯಾಗಿ ಕತ್ತರಿಸಿದ್ದಾರೆ ಎಂದು ಅರ್ಥ. ಇದನ್ನು ಯಾವ ಇಸ್ತ್ರಿಯೂ ಸರಿ ಮಾಡುವುದಿಲ್ಲ. ಒಗೆದಷ್ಟೂ ಹೆಚ್ಚು ತಿರುಗುತ್ತದೆ.

ಬಹಳ ಜನ ಒಂದು ಮಾತು ಹೇಳುತ್ತಾರೆ, ಅಂಗಡಿಯಲ್ಲಿ ಉಡುಪು ತಿರುಗಿಸಲು ನಾಚಿಕೆಯಾಗುತ್ತದೆ ಎಂದು. ನನಗೆ ಇದು ಅರ್ಥವೇ ಆಗುವುದಿಲ್ಲ. ಹಣ ಕೊಡುವಾಗ ನಾಚಿಕೆಯಾಗುವುದಿಲ್ಲ, ರಿಯಾಯಿತಿ ಕೇಳುವಾಗ ನಾಚಿಕೆಯಾಗುವುದಿಲ್ಲ, ಒಳಗೆ ನೋಡಲು ನಾಚಿಕೆಯೇ? ನಿಜವಾಗಿ ಹೊಲಿಸುವವರಿಗೆ ಇದರಿಂದ ಸಂತೋಷವೇ ಆಗುತ್ತದೆ. ಒಬ್ಬರಾದರೂ ನನ್ನ ಕೆಲಸ ನೋಡಿದರಲ್ಲ ಎಂದು ಎದ್ದು ಬಂದು ಮಾತನಾಡುತ್ತಾರೆ. ಮುಖ ಗಂಟಿಕ್ಕುವವರು ಯಾರು ಎನ್ನುವುದೂ ನಿಮಗೆ ಅಲ್ಲೇ ಗೊತ್ತಾಗುತ್ತದೆ.

ರಿಯಾಯಿತಿಯ ಮಾತು ಬಂತು. ಸಣ್ಣ ಅಂಗಡಿಯಲ್ಲಿ ಚೌಕಾಸಿ ಮಾಡಬೇಡಿ, ತಿದ್ದಿಕೊಡಿ ಎಂದು ಕೇಳಿ. ಭುಜ ಸ್ವಲ್ಪ ಅಗಲ, ತೋಳು ಎರಡು ಬೆರಳು ಉದ್ದ, ಸರಿ ಮಾಡಿ ಕೊಡುತ್ತೀರಾ ಎಂದು. ಹೊಲಿಸುವವರು ಅಳತೆಯ ಟೇಪು ತೆಗೆಯುತ್ತಾರೆ. ತಂದು ಮಾರುವವರು, ಈಗ ಹೀಗೆಯೇ ಫ್ಯಾಷನ್ ಎನ್ನುತ್ತಾರೆ.

ಇನ್ನೂ ಹೇಳುವುದು ಬಹಳ ಇತ್ತು. ಗಾಜಿನ ಆಚೆ ನಿರೂಪಕರು ಗಡಿಯಾರ ತೋರಿಸುತ್ತಿದ್ದಾರೆ, ಹಾಗಾಗಿ ಓಡಿಸಿಕೊಂಡು ಹೇಳುತ್ತೇನೆ. ಮೇಳದ ದೀಪ ಹಳದಿ, ಅದರ ಕೆಳಗೆ ಕಂದು, ಕಪ್ಪು, ಗಾಢ ನೀಲಿ ಒಂದೇ ಥರ ಕಾಣುತ್ತವೆ. ಉಡುಪನ್ನು ಬಾಗಿಲಿನವರೆಗೆ ತಂದು ಹಗಲಿನಲ್ಲಿ ನೋಡಿ. ಆದ್ದರಿಂದ ಮೇಳಕ್ಕೆ ಹೋಗುವುದಾದರೆ ಬೆಳಗ್ಗೆ, ಬಾಗಿಲು ತೆರೆದ ಹೊತ್ತಿಗೇ ಹೋಗಿ. ಜನ ಕಡಿಮೆ, ಹೊಲಿದವರಿಗೂ ಮಾತನಾಡಲು ಬಿಡುವು. ಮೇಳದಲ್ಲಿ ಹಾಕಿ ನೋಡಲು ಜಾಗ ಇರುವುದು ಅಪರೂಪ. ನಿಮಗೆ ಚೆನ್ನಾಗಿ ಕೂರುವ ಒಂದು ಅಂಗಿಯ ಭುಜ, ಎದೆ, ಉದ್ದದ ಅಳತೆಯನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಸ್ಮಾಲು, ಮೀಡಿಯಮ್ಮು ಎನ್ನುವುದನ್ನು ನಂಬಬೇಡಿ, ಒಬ್ಬೊಬ್ಬರ ಮೀಡಿಯಮ್ಮು ಒಂದೊಂದು.

ಹತ್ತಿಯ ಬಟ್ಟೆಯಾದರೆ ಒಂದು ಪ್ರಶ್ನೆ ಕೇಳಲೇಬೇಕು: ಕತ್ತರಿಸುವ ಮೊದಲು ನೀರಿನಲ್ಲಿ ನೆನೆಸಿದ್ದೀರಾ? ನೇಯುವಾಗ ನೂಲನ್ನು ಎಳೆದು ಬಿಗಿದಿರುತ್ತಾರೆ, ನೀರು ತಾಗಿದೊಡನೆ ಆ ಬಿಗಿ ಸಡಿಲಿ ಬಟ್ಟೆ ಕುಗ್ಗುತ್ತದೆ. ಗಿರಣಿಯಲ್ಲೇ ಮೊದಲು ಕುಗ್ಗಿಸಿಬಿಡುವ ಯಂತ್ರವಿಧಾನಕ್ಕೆ 1930ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಕ್ಲುವೆಟ್ ಪೇಟೆಂಟ್ ಪಡೆದರು, ಸ್ಯಾನ್‌ಫರೈಸ್ಡ್ ಎಂಬ ಮುದ್ರೆ ಅವರ ಹೆಸರಿನದೇ. ಕೈಮಗ್ಗದ ಬಟ್ಟೆಗೆ ಸಾಮಾನ್ಯವಾಗಿ ಆ ಯಂತ್ರ ಸಿಗುವುದಿಲ್ಲ, ಬಕೆಟ್ಟಿನಲ್ಲೇ ನೆನೆಸಬೇಕು. ಈ ಪ್ರಶ್ನೆಗೆ ತಡವರಿಸುವವರ ಹತ್ತಿರ ಹತ್ತಿಯ ಉಡುಪು ಕೊಳ್ಳಬೇಡಿ. ಕೊಂಡದ್ದಕ್ಕೆ ಬಿಲ್ಲು ಕೇಳಿ, ಮೇಳ ಮುಗಿದ ಮೇಲೆ ಅಂಗಡಿ ಎಲ್ಲಿದೆ ಎಂಬುದನ್ನು ಆ ಬಿಲ್ಲಿನ ಹಿಂದೆ ಬರೆಸಿಕೊಳ್ಳಿ.

ಇಸ್ತ್ರಿ ನಿಲ್ಲಿಸಿದವರು ಈಗ ಮುಂದುವರಿಸಬಹುದು, ಆದರೆ ಅಂಗಿಯನ್ನು ಒಳಮಗ್ಗುಲಿನಿಂದಲೇ ಇಸ್ತ್ರಿ ಮಾಡಿ, ಆಗ ಹೊರಮಗ್ಗುಲಿಗೆ ಬೇಡದ ಹೊಳಪು ಬರುವುದಿಲ್ಲ, ಬಟ್ಟೆಯೂ ಹಾಳಾಗುವುದಿಲ್ಲ. ಕೋಟಿನ ವಿಷಯಕ್ಕೆ ನಾನು ಬರಲೇ ಇಲ್ಲ. ಅದರ ಒಳಗಿನ ಲೈನಿಂಗ್, ಕ್ಯಾನ್ವಾಸು, ಭುಜದ ಹತ್ತಿ, ಅದಕ್ಕೇ ಇನ್ನೊಂದು ಪೂರ್ತಿ ಅವಧಿ ಬೇಕು. ಇಲ್ಲಿಯವರು ಕರೆದರೆ ಬರುತ್ತೇನೆ. ನಮಸ್ಕಾರ.