ಗಾಂಧಿಯ ಗ್ರಾಮ, ಅಂಬೇಡ್ಕರರ ಷರತ್ತು

ಮಾನ್ಯರೇ,

ಗಾಂಧಿ–ಅಂಬೇಡ್ಕರ್ ಭಿನ್ನಮತದ ಮಾತು ಬಂದಾಗಲೆಲ್ಲ ನಾವು, ಅಸ್ಪೃಶ್ಯರಿಗೆ ಪ್ರತ್ಯೇಕ ಮತಕ್ಷೇತ್ರದ ಬದಲು ಮೀಸಲು ಸ್ಥಾನಗಳನ್ನು ಕೊಟ್ಟ 1932ರ ಪೂನಾ ಒಪ್ಪಂದದ ಬಳಿ ಹೋಗಿ ನಿಂತುಬಿಡುತ್ತೇವೆ. ಆ ಒಪ್ಪಂದಕ್ಕೆ ಸಹಿಬಿದ್ದ ಕೆಲವೇ ದಿನಗಳಲ್ಲಿ, ಅಕ್ಟೋಬರ್ ತಿಂಗಳಿನಲ್ಲಿ, ಮುಂಬಯಿ ಶಾಸನಸಭೆಯಲ್ಲಿ ಗ್ರಾಮ ಪಂಚಾಯತಿ ಮಸೂದೆಯ ಮೇಲೆ ಅಂಬೇಡ್ಕರ್ ಆಡಿದ ಮಾತುಗಳನ್ನು ಓದುವವರು ಕಡಿಮೆ. ನನ್ನ ದೃಷ್ಟಿಯಲ್ಲಿ ಇಡೀ ವಾದದ ಕೀಲು ಅಲ್ಲಿದೆ. ವಯಸ್ಕರಿಗೆಲ್ಲ ಮತ ಕೊಟ್ಟರಷ್ಟೇ ಸಾಲದು, ಪ್ರತಿ ಹಳ್ಳಿಯಲ್ಲೂ ಬೆರಳೆಣಿಕೆಯ ಅಲ್ಪಸಂಖ್ಯಾತರಾಗಿರುವ ಅಸ್ಪೃಶ್ಯರಿಗೆ ಪಂಚಾಯತಿಯಲ್ಲಿ ಸ್ಥಾನಗಳನ್ನು ಕಾದಿರಿಸಬೇಕು ಎಂಬುದು ಅವರ ಪಟ್ಟಾಗಿತ್ತು. ಜಾತಿಯಿಂದ ಒಡೆದ ಊರಿನ ಪಂಚರ ಕೈಗೆ ನ್ಯಾಯತೀರ್ಮಾನದ ಅಧಿಕಾರ ಕೊಡುವುದನ್ನೂ ಅವರು ವಿರೋಧಿಸಿದರು.

ಗಾಂಧಿಯವರ ಗ್ರಾಮ ಇಂಥದ್ದಲ್ಲ. 1946ರ ಜುಲೈನಲ್ಲಿ ‘ಹರಿಜನ’ ಪತ್ರಿಕೆಯಲ್ಲಿ ಅವರು ಬರೆದಂತೆ, ಸ್ವತಂತ್ರ ಭಾರತವು ತಳದ ಮೇಲೆ ತುದಿ ನಿಂತ ಪಿರಮಿಡ್ಡಲ್ಲ, ಸಾಗರದ ಅಲೆಗಳಂತೆ ಹರಡುವ ವರ್ತುಲ. ಅದರ ಕೇಂದ್ರದಲ್ಲಿರುವವನು ವ್ಯಕ್ತಿ. ಗಾಂಧಿ ವ್ಯಕ್ತಿಯನ್ನು ಮರೆತರೆಂಬ ಆಕ್ಷೇಪ, ಹಾಗಾಗಿ, ನಿಲ್ಲುವುದಿಲ್ಲ. ಆದರೆ ಆ ವ್ಯಕ್ತಿ ತನ್ನ ಗ್ರಾಮಕ್ಕಾಗಿ ಅಳಿಯಲು ಸದಾ ಸಿದ್ಧನಿರುವವನು. ಊರಿನ ಬಾವಿಗೂ ಗುಡಿಗೂ ಹೊರಗಾದವನು ಯಾವ ಗ್ರಾಮಕ್ಕಾಗಿ ಅಳಿಯಬೇಕು ಎಂಬ ಪ್ರಶ್ನೆಗೆ ಆ ಚಿತ್ರದಲ್ಲಿ ಉತ್ತರವಿಲ್ಲ. ಸವರ್ಣರ ಹೃದಯ ಪರಿವರ್ತನೆಯಾಗುತ್ತದೆಂಬ ಭರವಸೆಯಿದೆ, ಅಷ್ಟೆ.

1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಕರಡನ್ನು ಮಂಡಿಸುತ್ತ ಅಂಬೇಡ್ಕರ್, ಹಳ್ಳಿಯು ಸಂಕುಚಿತತೆ ಮತ್ತು ಅಜ್ಞಾನದ ಬೀಡು ಎಂದರು. ಕರಡು ಸಂವಿಧಾನವು ಗ್ರಾಮವನ್ನು ಬಿಟ್ಟು ವ್ಯಕ್ತಿಯನ್ನೇ ತನ್ನ ಘಟಕವಾಗಿ ಆರಿಸಿಕೊಂಡದ್ದು ತಮಗೆ ಸಂತೋಷ ತಂದಿದೆ ಎಂದೂ ಹೇಳಿದರು. ಎಚ್.ವಿ. ಕಾಮತ್ ಮೊದಲಾದ ಸದಸ್ಯರು ಕೆರಳಿದರು. ಆದರೆ ಅದೇ ತಿಂಗಳು ಇನ್ನೊಬ್ಬ ಸದಸ್ಯ ಕೆ. ಸಂತಾನಂ ಪಂಚಾಯತಿಗಳ ಪರವಾಗಿ ತಂದ ತಿದ್ದುಪಡಿಯನ್ನು ಅಂಬೇಡ್ಕರ್ ಹೆಚ್ಚು ಮಾತಿಲ್ಲದೆ ಒಪ್ಪಿಕೊಂಡರು. ಹಾಗೆ ಬಂದದ್ದು, ರಾಜ್ಯವು ಗ್ರಾಮ ಪಂಚಾಯತಿಗಳನ್ನು ಸಂಘಟಿಸಬೇಕೆನ್ನುವ 40ನೇ ವಿಧಿ. ನಿರ್ದೇಶಕ ತತ್ತ್ವವಾದ್ದರಿಂದ ಅದನ್ನು ಜಾರಿಮಾಡಿಸಲು ನ್ಯಾಯಾಲಯಕ್ಕೆ ಹೋಗುವಂತಿರಲಿಲ್ಲ.

ಮುಂದೆ ಕರ್ನಾಟಕವು 1983ರ ಪಂಚಾಯತಿ ಕಾಯ್ದೆಯಲ್ಲಿ, ಆಗಿನ ಗ್ರಾಮೀಣಾಭಿವೃದ್ಧಿ ಸಚಿವ ಅಬ್ದುಲ್ ನಜೀರ್ ಸಾಬ್ ಅವರ ಮುತುವರ್ಜಿಯಿಂದ, ಮಹಿಳೆಯರಿಗೆ ಶೇ. 25ರಷ್ಟು ಸ್ಥಾನ ಮೀಸಲಿಟ್ಟಿತು. 1993ರ ಏಪ್ರಿಲ್ 24ರಂದು ಜಾರಿಗೆ ಬಂದ ಸಂವಿಧಾನದ 73ನೇ ತಿದ್ದುಪಡಿಯು ಪರಿಶಿಷ್ಟ ಜಾತಿ, ಪಂಗಡಗಳಿಗೆ ಜನಸಂಖ್ಯೆಗೆ ಅನುಗುಣವಾಗಿಯೂ ಮಹಿಳೆಯರಿಗೆ ಮೂರನೇ ಒಂದಕ್ಕೆ ಕಡಿಮೆಯಿಲ್ಲದಂತೆಯೂ ಪಂಚಾಯತಿ ಸ್ಥಾನಗಳನ್ನು ಮೀಸಲಾಗಿಸಿತು. ಗಾಂಧಿಯವರ ಗ್ರಾಮ ಪಂಚಾಯತಿ ಸಂವಿಧಾನದೊಳಗೆ ಗಟ್ಟಿಯಾಗಿ ಕಾಲೂರಿದ್ದು ಅಂಬೇಡ್ಕರ್ 1932ರಲ್ಲಿ ಒಡ್ಡಿದ ಷರತ್ತಿನೊಂದಿಗೇ ಎಂಬುದನ್ನು ಇಬ್ಬರ ಅನುಯಾಯಿಗಳೂ ಅಷ್ಟಾಗಿ ಗಮನಿಸಿದಂತಿಲ್ಲ. ವಿಚಿತ್ರವೆಂದರೆ, ಆ ತಿದ್ದುಪಡಿಯಲ್ಲಿ ಮೀಸಲಾತಿ ರಾಜ್ಯಗಳಿಗೆ ಕಡ್ಡಾಯ. ಪಂಚಾಯತಿಗೆ ಎಷ್ಟು ಅಧಿಕಾರ ಕೊಡಬೇಕೆಂಬುದು ಮಾತ್ರ ಇವತ್ತಿಗೂ ಆಯಾ ರಾಜ್ಯದ ಶಾಸನಸಭೆಯ ವಿವೇಚನೆಗೆ ಬಿಟ್ಟದ್ದು.