ನಾಲ್ಕು ಜನರ ಬುಕಿಂಗ್, ಬಾಗಿಲಲ್ಲಿ ಹನ್ನೊಂದು ಜೊತೆ ಚಪ್ಪಲಿ: ಗೆಸ್ಟ್ ಮನೆ ನಿಯಮ ಮುರಿದಾಗ ಏನು ಮಾಡಬೇಕು?

ದೃಶ್ಯ: ರಾತ್ರಿ, ಮೈಸೂರಿನ ಕುವೆಂಪುನಗರದ ಒಂದು ಅಡ್ಡರಸ್ತೆ. ಎರಡಂತಸ್ತಿನ ಮನೆ. ಮೇಲ್ಮನೆಯಲ್ಲಿ ಜೋರು ಸ್ಪೀಕರ್, ಮೆಟ್ಟಿಲ ಮೇಲೆಲ್ಲ ಚಪ್ಪಲಿ.

ನಿರೂಪಕಿ: ನಮಸ್ಕಾರ. ಶನಿವಾರ ರಾತ್ರಿ ಹತ್ತೂವರೆ. ನಿಮ್ಮ ಮೇಲ್ಮನೆಯನ್ನ ನಾಲ್ಕು ಜನ ಅಂತ ಹೇಳಿ ಬುಕ್ ಮಾಡಿದ್ದಾರೆ. ಬಾಗಿಲ ಹತ್ರ ಹನ್ನೊಂದು ಜೊತೆ ಚಪ್ಪಲಿ ಇದೆ. ಪಕ್ಕದ ಮನೆ ಅಂಕಲ್ ಫೋನ್ ಮಾಡ್ತಾರೆ: "ಏನಮ್ಮ ಇದು, ಮನೇಲಿ ವಯಸ್ಸಾದವರಿದ್ದಾರೆ, ಕಣ್ಣು ಮುಚ್ಚೋಕೆ ಆಗ್ತಿಲ್ಲ." ನೀವು ಮೇಲೆ ಹೋಗಿ ಜಗಳ ಆಡ್ತೀರಾ? ಕರೆಂಟ್ ತೆಗೀತೀರಾ? ಬೆಳಿಗ್ಗೆ ನೋಡ್ಕೊಳ್ಳೋಣ ಅಂತ ಸುಮ್ಮನಾಗ್ತೀರಾ? ಈ ಮೂರೂ ಬೇಡ. ಯಾಕೆ ಬೇಡ, ಹಾಗಾದ್ರೆ ಏನು ಮಾಡಬೇಕು ಅನ್ನೋದೇ ಇವತ್ತಿನ ವಿಷಯ.

2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆದ ಮೇಲೆ ಶುಕ್ರವಾರ ಸಂಜೆ ಕೆಲಸ ಮುಗಿಸಿ ಹೊರಟವರು ರಾತ್ರಿ ಊಟದ ಹೊತ್ತಿಗೆ ಇಲ್ಲಿರ್ತಾರೆ. ದಸರಾ ಬಂತು ಅಂದ್ರೆ ಹೋಟೆಲ್ ರೂಮ್ ಸಿಗೋದೇ ಕಷ್ಟ, ಆಗ ಮನೆಗಳಿಗೆ ಬೇಡಿಕೆ. ಹೀಗಾಗಿ ಗೋಕುಲಂ, ಯಾದವಗಿರಿ, ಸರಸ್ವತಿಪುರಂನಂಥ ಕಡೆ ಮಕ್ಕಳು ಓದಿ ಹೊರಗೆ ಹೋದ ಮೇಲೆ ಖಾಲಿ ಬಿದ್ದಿದ್ದ ಮಹಡಿಗಳನ್ನ ಜನ ದಿನದ ಬಾಡಿಗೆಗೆ ಕೊಡ್ತಿದ್ದಾರೆ. ಒಳ್ಳೆಯದೇ. ಆದ್ರೆ ನಾನು ಒಂದು ಮಾತನ್ನ ಗಟ್ಟಿಯಾಗಿ ಹೇಳ್ತೀನಿ: ಗೆಸ್ಟ್ ಎರಡು ದಿನ ಇದ್ದು ಹೋಗ್ತಾರೆ, ಪಕ್ಕದ ಮನೆಯವರು ಅಲ್ಲೇ ಇರ್ತಾರೆ. ನಿಯಮ ಮುರಿದಾಗ ನೀವು ಮಾಡೋ ಪ್ರತಿ ನಿರ್ಧಾರದಲ್ಲೂ ಮೊದಲ ಸ್ಥಾನ ಆ ಪಕ್ಕದ ಮನೆಯವರದ್ದು. ನಿಮ್ಮ ರೇಟಿಂಗ್, ನಿಮ್ಮ ದುಡ್ಡು ಆಮೇಲೆ.

ದೃಶ್ಯ: ಬಿಳಿ ಹಾಳೆಯ ಮೇಲೆ ಎರಡು ಪದ, "ಬಾಡಿಗೆದಾರ" ಮತ್ತು "ಲೈಸೆನ್ಸ್ ಇರುವವರು". ಮೊದಲನೆಯದರ ಮೇಲೆ ಅಡ್ಡಗೆರೆ ಬೀಳುತ್ತದೆ.

ನಿರೂಪಕಿ: ಕಾನೂನಿನಲ್ಲಿ ನೀವು ಎಲ್ಲಿ ನಿಂತಿದ್ದೀರಿ ಅಂತ ಮೊದಲು ತಿಳ್ಕೊಳ್ಳಿ, ಧೈರ್ಯ ಬರುತ್ತೆ. ವಾರಾಂತ್ಯಕ್ಕೆ ಬಂದು ಉಳಿಯೋ ಗೆಸ್ಟ್ ಸಾಮಾನ್ಯವಾಗಿ ನಿಮ್ಮ ಬಾಡಿಗೆದಾರರಲ್ಲ. 1882ರ ಈಸ್‌ಮೆಂಟ್ಸ್ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಅವರಿಗೆ ಇರೋದು ಲೈಸೆನ್ಸ್, ಅಂದ್ರೆ ನಿಮ್ಮ ಜಾಗದಲ್ಲಿ ಇರೋದಕ್ಕೆ ನೀವು ಕೊಟ್ಟ ಅನುಮತಿ ಮಾತ್ರ. ಕೊಟ್ಟ ಅನುಮತಿಯನ್ನ ವಾಪಸ್ ತಗೊಳ್ಳಬಹುದು. ಆದ್ರೆ ಅದೇ ಕಾಯ್ದೆಯ 63ನೇ ಸೆಕ್ಷನ್, ವಾಪಸ್ ತಗೊಂಡ ಮೇಲೆ ಹೊರಡೋಕೆ, ಸಾಮಾನು ತೆಗೆದುಕೊಳ್ಳೋಕೆ ನ್ಯಾಯವಾದ ಸಮಯ ಕೊಡಬೇಕು ಅನ್ನುತ್ತೆ. 64ನೇ ಸೆಕ್ಷನ್ ಇನ್ನೊಂದು ಹೇಳುತ್ತೆ: ದುಡ್ಡು ತಗೊಂಡು ಅನುಮತಿ ಕೊಟ್ಟು, ಅವರದೇನೂ ತಪ್ಪಿಲ್ಲದೆ ಮಧ್ಯದಲ್ಲೇ ಹೊರಹಾಕಿದ್ರೆ ಅವರು ನಿಮ್ಮಿಂದ ಪರಿಹಾರ ಕೇಳಬಹುದು. ಹಾಗಾಗಿ ಎಲ್ಲ ನಿಂತಿರೋದು ಒಂದೇ ಪ್ರಶ್ನೆ ಮೇಲೆ. ತಪ್ಪು ಅವರದ್ದು ಅಂತ ನೀವು ತೋರಿಸಬಲ್ಲಿರಾ? ಬುಕಿಂಗ್‌ಗೆ ಮುಂಚೆಯೇ ಬರೆದಿಟ್ಟ ನಿಯಮ ಇದ್ರೆ ತೋರಿಸಬಹುದು. ನಿಮ್ಮ ಮನಸ್ಸಿನಲ್ಲಿ ಮಾತ್ರ ಇದ್ದ ನಿಯಮವನ್ನ ಯಾರೂ ಮುರಿಯೋಕೆ ಆಗಲ್ಲ.

ದೃಶ್ಯ: ಮೊಬೈಲ್‌ನಲ್ಲಿ ಮನೆಯ ಲಿಸ್ಟಿಂಗ್, ಅಂದರೆ ಬುಕಿಂಗ್ ಆ್ಯಪ್‌ನಲ್ಲಿ ಆ ಮನೆಯ ಪುಟ. ಬೆರಳು ಕೆಳಗೆ ಸರಿಸುತ್ತಾ ನಿಯಮಗಳ ಜಾಗಕ್ಕೆ ಬರುತ್ತದೆ.

ನಿರೂಪಕಿ: ಬರೆಯೋದು ಅಂದ್ರೆ ಇಪ್ಪತ್ತೈದು ಸಾಲಿನ ಪಟ್ಟಿ ಅಲ್ಲ, ಅದನ್ನ ಯಾರೂ ಓದಲ್ಲ. ಎಷ್ಟು ಜನ ಉಳಿಯಬಹುದು, ಹೊರಗಿನವರು ಬರಬಹುದಾ, ಎಷ್ಟು ಗಂಟೆ ಮೇಲೆ ಸದ್ದು ಇರಬಾರದು, ಕಾರು ಎಲ್ಲಿ ನಿಲ್ಲಿಸಬೇಕು. ಇಷ್ಟು ಖಚಿತವಾಗಿದ್ರೆ ಮುಕ್ಕಾಲು ಪಾಲು ತಲೆನೋವು ಬರೋದೇ ಇಲ್ಲ. "ದಯವಿಟ್ಟು ಹೆಚ್ಚು ಶಬ್ದ ಮಾಡಬೇಡಿ" ಅಂತ ಬರೀಬೇಡಿ. ಹೆಚ್ಚು ಅಂದ್ರೆ ಎಷ್ಟು? "ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸ್ಪೀಕರ್ ಇಲ್ಲ, ಟೆರೇಸ್ ಮೇಲೆ ಗುಂಪು ಇಲ್ಲ" ಅಂತ ಬರೀರಿ. ಈ ಸಮಯ ನೀವು ಕಂಡುಹಿಡಿದದ್ದಲ್ಲ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳಲ್ಲಿ ರಾತ್ರಿ ಅಂದ್ರೆ ಇದೇ ಸಮಯ. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45 ಅಂತ ಮಿತಿಯೂ ಅಲ್ಲೇ ಇದೆ. ಗೆಸ್ಟ್ ಜೊತೆ ಮಾತಾಡುವಾಗ "ನನಗೆ ಇಷ್ಟ ಇಲ್ಲ" ಅನ್ನೋದಕ್ಕೂ "ಕಾನೂನೇ ಹೀಗಿದೆ ಸರ್" ಅನ್ನೋದಕ್ಕೂ ತುಂಬಾ ವ್ಯತ್ಯಾಸ ಇದೆ.

ಕಾರಿನ ವಿಷಯ ಸಣ್ಣದು ಅಂದ್ಕೋಬೇಡಿ. ನಮ್ಮ ಅಡ್ಡರಸ್ತೆಗಳಲ್ಲಿ ಅತಿ ಹೆಚ್ಚು ಮನಸ್ತಾಪ ಆಗೋದು ಇದರಿಂದಲೇ. ಬೆಳಿಗ್ಗೆ ಎದ್ದು ನೀರು ಹಾಕಿ ರಂಗೋಲಿ ಬಿಡೋಕೆ ಬಂದ ಎದುರು ಮನೆ ಆಂಟಿಗೆ ಗೇಟಿನ ಮುಂದೆ ಬೇರೆ ಊರಿನ ಇನ್ನೋವಾ ಕಂಡ್ರೆ, ಅವರಿಗೆ ಸಿಟ್ಟು ಬರೋದು ಡ್ರೈವರ್ ಮೇಲಲ್ಲ, ನಿಮ್ಮ ಮೇಲೆ. ಎರಡು ಕಾರಿಗೆ ಜಾಗ ಇಲ್ಲ ಅಂದ್ರೆ "ಒಂದೇ ಕಾರು" ಅಂತ ಸ್ಪಷ್ಟವಾಗಿ ಹಾಕಿ, ನಿಲ್ಲಿಸೋ ಜಾಗದ ಫೋಟೋನೂ ಹಾಕಿ.

ಅಡುಗೆಮನೆಯಲ್ಲಿ ಮಾಂಸ ಬೇಯಿಸಬಾರದು, ದೇವರಕೋಣೆ ತೆಗೆಯಬಾರದು ಅಂತಿದ್ರೆ ಅದನ್ನೂ ಬುಕಿಂಗ್‌ಗೆ ಮುಂಚೆಯೇ ಕಾಣೋ ಹಾಗೆ ಹಾಕಿ. ದುಡ್ಡು ಕೊಟ್ಟು, ಬ್ಯಾಗ್ ಇಳಿಸಿದ ಮೇಲೆ ಹೇಳೋದು ಅನ್ಯಾಯ. ಹಾಗೇ ಜೋಡಿಗಳ ವಿಷಯ: ಹದಿನೆಂಟು ದಾಟಿದ ಇಬ್ಬರು ಮದುವೆ ಆಗದೆ ಒಂದು ಕೋಣೆಯಲ್ಲಿ ಉಳಿಯಬಾರದು ಅನ್ನೋ ಕಾನೂನು ಇಲ್ಲ. ಇಬ್ಬರ ಗುರುತಿನ ಚೀಟಿ ನೋಡಿ, ವಯಸ್ಸು ನೋಡಿ, ಅಲ್ಲಿಗೆ ಬಿಡಿ. ಆಧಾರ್ ಕೊಟ್ರೆ ಮೊದಲ ಎಂಟು ಅಂಕಿ ಮುಚ್ಚಿದ ಮಾಸ್ಕ್ಡ್ ಆಧಾರ್ ಸಾಕು. ಡ್ರೈವಿಂಗ್ ಲೈಸೆನ್ಸ್, ವೋಟರ್ ಐಡಿ ಆದ್ರೂ ನಡೆಯುತ್ತೆ. ಗೋಕುಲಂ ಕಡೆ ಯೋಗ ಕಲಿಯೋಕೆ ಬರೋ ವಿದೇಶಿಯರಿಗೆ ಮನೆ ಕೊಡೋರು, ಅವರು ಬಂದ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಮಾಹಿತಿ ಕೊಡಲೇಬೇಕು, ಸಿ ಫಾರಂ ಅಂತ ಎಲ್ಲರೂ ಕರೀತಾರಲ್ಲ, ಅದು. ಇದನ್ನ ಬಿಟ್ಟಿದ್ರೆ, ಗಲಾಟೆ ಆದ ರಾತ್ರಿ ಪೊಲೀಸ್ ಬಂದಾಗ ಮೊದಲು ಉತ್ತರ ಕೊಡಬೇಕಾಗೋದು ನೀವು.

ದೃಶ್ಯ: ಮತ್ತೆ ಮೆಟ್ಟಿಲು. ಫೋನ್ ಹಿಡಿದ ಕೈ, ಮೆಸೇಜ್ ಟೈಪ್ ಆಗುತ್ತಿದೆ.

ನಿರೂಪಕಿ: ಈಗ ಆ ಶನಿವಾರ ರಾತ್ರಿಗೆ ಬರೋಣ. ಮೊದಲು ಅಂಕಲ್‌ಗೆ ಉತ್ತರ ಕೊಡಿ: "ಕ್ಷಮಿಸಿ ಅಂಕಲ್, ಈಗಲೇ ನಿಲ್ಲಿಸ್ತೀನಿ, ಹತ್ತು ನಿಮಿಷ ಕೊಡಿ." ಆಮೇಲೆ ಗೆಸ್ಟ್‌ಗೆ ಮೆಸೇಜ್ ಹಾಕಿ, ಬುಕ್ ಮಾಡಿದ ಆ್ಯಪ್ ಒಳಗೇ ಹಾಕಿ, ವಾಟ್ಸ್ಆ್ಯಪ್‌ನಲ್ಲಿ ಅಲ್ಲ. ನಾಳೆ ಆ್ಯಪ್ ಕಂಪನಿ ನೋಡೋದು ಅದನ್ನೇ. ಮೆಸೇಜ್‌ನಲ್ಲಿ ಸಿಟ್ಟು ಬೇಡ, ವಿವರ ಇರಲಿ: "ಸರ್, ಈಗ 10.35. ಸ್ಪೀಕರ್ ಸದ್ದು ಪಕ್ಕದ ಮನೆಗೆ ಕೇಳ್ತಿದೆ. ಬುಕಿಂಗ್ ನಾಲ್ಕು ಜನಕ್ಕೆ ಇತ್ತು, ಈಗ ಹೆಚ್ಚು ಜನ ಇದ್ದೀರಿ. ದಯವಿಟ್ಟು ಸ್ಪೀಕರ್ ಈಗಲೇ ಆರಿಸಿ, ಬುಕಿಂಗ್‌ನಲ್ಲಿ ಇಲ್ಲದವರು 11 ಗಂಟೆಯೊಳಗೆ ಹೊರಡಲಿ." ತಕ್ಷಣ ಫೋನೂ ಮಾಡಿ. ನನಗೆ ಅನ್ನಿಸೋದು, ಬಹಳಷ್ಟು ಜನ ಇಲ್ಲಿಗೇ ಸುಮ್ಮನಾಗ್ತಾರೆ. ಮಾಲೀಕರಿಗೆ ಗೊತ್ತಾಗಲ್ಲ ಅನ್ನೋ ಧೈರ್ಯದಲ್ಲಿ ಮಾಡಿರ್ತಾರೆ, ಗೊತ್ತಾಯ್ತು ಅಂದಾಗ ಇಳೀತಾರೆ.

ಇಳೀದಿದ್ರೆ ಹೋಗಿ, ಆದ್ರೆ ಒಬ್ಬರೇ ಹೋಗಬೇಡಿ. ಕೇರ್‌ಟೇಕರ್ ಇರಲಿ, ಅಣ್ಣ ತಮ್ಮ ಇರಲಿ, ಪಕ್ಕದ ಮನೆಯವರೇ ಇರಲಿ. ಅದರಲ್ಲೂ ಒಂಟಿಯಾಗಿ ಮನೆ ನಡೆಸೋ ಹೆಣ್ಣುಮಕ್ಕಳು, ಒಳಗಿರೋರು ಕುಡಿದಿದ್ದಾರೆ ಅಂತ ಗೊತ್ತಾದ್ರೆ ಮೇಲೆ ಹತ್ತಲೇಬೇಡಿ, ನೇರವಾಗಿ 112ಕ್ಕೆ ಫೋನ್ ಮಾಡಿ. ಬಾಗಿಲಲ್ಲೇ ನಿಂತು ಮಾತಾಡಿ, ಕೋಣೆಯೊಳಗೆ ನುಗ್ಗಬೇಡಿ. ಯಾರು ಬುಕ್ ಮಾಡಿದ್ದಾರೋ ಅವರ ಹೆಸರು ಹಿಡಿದು ಕರೀರಿ, ಅವರ ಜೊತೆ ಮಾತ್ರ ಮಾತಾಡಿ, ಗುಂಪಿನ ಜೊತೆ ವಾದಕ್ಕೆ ಇಳಿಯಬೇಡಿ. "ಇನ್ನೊಂದು ಅರ್ಧ ಗಂಟೆ ಆಂಟಿ, ಬರ್ತ್‌ಡೇ ಇದೆ" ಅಂತಾರೆ. ಶಾಂತವಾಗಿ, ಆದ್ರೆ ಅದೇ ಮಾತನ್ನ ಮತ್ತೆ ಹೇಳಿ: "ಆಗಲ್ಲಪ್ಪ. ಸ್ಪೀಕರ್ ಆರಿಸಿ, ಹೊರಗಿನವರು ಹೊರಡಲಿ. ಇಲ್ಲಾಂದ್ರೆ ಬುಕಿಂಗ್ ರದ್ದು ಮಾಡಿ ನಿಮ್ಮೆಲ್ಲರಿಗೂ ಹೊರಡಿ ಅನ್ನಬೇಕಾಗುತ್ತೆ."

ಈ ಹೊತ್ತಿನಲ್ಲಿ ಎಷ್ಟೇ ಕೋಪ ಬಂದ್ರೂ ಮಾಡಬಾರದ್ದು ಕೆಲವು ಇವೆ. ಕರೆಂಟ್, ನೀರು ನಿಲ್ಲಿಸಬೇಡಿ. ದುಡ್ಡು ಕೊಡೋವರೆಗೂ ಬಿಡಲ್ಲ ಅಂತ ಬ್ಯಾಗ್, ಕಾರಿನ ಕೀ ಹಿಡಿದಿಟ್ಟುಕೊಳ್ಳಬೇಡಿ. ಗೇಟಿಗೆ ಬೀಗ ಹಾಕಿ ತಡೆದ್ರೆ ಅದು ಅಕ್ರಮ ಬಂಧನ, ದೂರು ನಿಮ್ಮ ಮೇಲೆ ಬೀಳುತ್ತೆ. ಒಳಗಿರೋ ಹೆಣ್ಣುಮಕ್ಕಳ ಮುಖ ವಿಡಿಯೋ ಮಾಡಬೇಡಿ. ಸದ್ದಿನ ಸಾಕ್ಷಿ ಬೇಕು ಅಂದ್ರೆ ರಸ್ತೆಯಲ್ಲಿ ನಿಂತು ಮನೆಯನ್ನ, ಸಮಯವನ್ನ ರೆಕಾರ್ಡ್ ಮಾಡಿ, ಸಾಕು. ಬುಕಿಂಗ್ ರದ್ದು ಮಾಡೋದೇ ಆದ್ರೆ ಮೊದಲು ಕಂಪನಿಯ ಸಹಾಯವಾಣಿಗೆ ಹೇಳಿ ಮಾಡಿ. ಮನೆ ಬುಕ್ ಮಾಡೋ ಆ್ಯಪ್ ಏರ್‌ಬಿಎನ್‌ಬಿ 2022ರಲ್ಲೇ ಪಾರ್ಟಿಗಳನ್ನ ಶಾಶ್ವತವಾಗಿ ನಿಷೇಧಿಸಿದೆ, ಆ ವಿಷಯದಲ್ಲಿ ಅವರು ನಿಮ್ಮ ಪರ ನಿಲ್ಲೋದಕ್ಕೆ ಕಾರಣ ಇದೆ.

ಎಲ್ಲ ಹೆಚ್ಚುವರಿ ಜನವೂ ಪಾರ್ಟಿ ಅಲ್ಲ, ಇದನ್ನ ದಸರಾ ಸಮಯದಲ್ಲಿ ನೆನಪಿಡಿ. ಜಂಬೂಸವಾರಿ ನೋಡಿ, ಬನ್ನಿಮಂಟಪದ ಪಂಜಿನ ಕವಾಯತು ಮುಗಿಸಿ ಬಂದ ಕುಟುಂಬ, ಹಾಸನಕ್ಕೆ ಬಸ್ ಸಿಗದ ಚಿಕ್ಕಮ್ಮನನ್ನ, ಅವರ ಮಗುವನ್ನ ಜೊತೆಗೆ ಕರ್ಕೊಂಡು ಬಂದಿರುತ್ತೆ. ರಾತ್ರಿ ಹನ್ನೊಂದಕ್ಕೆ ಅವರನ್ನ ಹೊರಗೆ ಕಳಿಸೋದು ಮನುಷ್ಯರು ಮಾಡೋ ಕೆಲಸ ಅಲ್ಲ. ಚಾಪೆ, ಹಾಸಿಗೆ ಕೊಡಿ, ದೊಡ್ಡವರ ಗುರುತಿನ ಚೀಟಿ ತಗೊಳ್ಳಿ, ಹೆಚ್ಚುವರಿ ಹಣ ಎಷ್ಟು ಅಂತ ಮೊದಲೇ ಲಿಸ್ಟಿಂಗ್‌ನಲ್ಲಿ ಹಾಕಿದ್ರೆ ಆ್ಯಪ್ ಮೂಲಕವೇ ಕೇಳಿ. ಕೈಗೆ ನಗದು ಬೇಡ. ಆದ್ರೆ ಹನ್ನೊಂದು ಜನ ಸ್ನಾನ ಮಾಡಿ ಓವರ್‌ಹೆಡ್ ಟ್ಯಾಂಕ್ ಖಾಲಿಯಾಗಿ, ಕೆಳಮನೆಯಲ್ಲಿ ಮಕ್ಕಳು ಸ್ಕೂಲಿಗೆ ಹೊರಡೋ ಹೊತ್ತಿಗೆ ನಲ್ಲಿಯಲ್ಲಿ ನೀರಿಲ್ಲ ಅನ್ನೋ ಹಾಗಾದ್ರೆ, ಅಲ್ಲಿ ಕರುಣೆ ತೋರಿಸಬೇಕಾದದ್ದು ಕೆಳಮನೆಯವರಿಗೆ.

ದೃಶ್ಯ: ಬೆಳಗಿನ ಬೆಳಕು. ಮಂಚದ ಮೇಲಿನ ಬಿಳಿ ಬೆಡ್‌ಶೀಟ್‌ನಲ್ಲಿ ಕಿತ್ತಳೆ ಬಣ್ಣದ ಕಲೆ.

ನಿರೂಪಕಿ: ಬೆಳಿಗ್ಗೆ. ಚೆಕ್‌ಔಟ್ ಆದ ಕೂಡಲೇ, ಕೆಲಸದವರು ಕೈ ಹಾಕೋ ಮುಂಚೆ, ಎಲ್ಲ ಕೋಣೆ ಫೋಟೋ ತೆಗೀರಿ. ಹಿಂದಿನ ಗೆಸ್ಟ್ ಹೋದ ಮೇಲೆ ತೆಗೆದ ಫೋಟೋ ಇದ್ರೆ ಮಾತ್ರ ಇದಕ್ಕೆ ಬೆಲೆ. ಏರ್‌ಬಿಎನ್‌ಬಿಯಲ್ಲಿ ಹಾನಿಯ ಕ್ಲೇಮ್ ಹಾಕೋಕೆ ಚೆಕ್‌ಔಟ್‌ನಿಂದ 14 ದಿನ ಇದೆ, ಆದ್ರೆ ಅವತ್ತೇ ಹಾಕಿ. ಬಡಗಿ, ಎಲೆಕ್ಟ್ರಿಷಿಯನ್ ಹತ್ರ ಬಿಲ್ ಬರೆಸಿಕೊಳ್ಳಿ. ಒಡೆದ ಲೋಟಕ್ಕೆ, ಕಳೆದ ಚಮಚಕ್ಕೆ ಕ್ಲೇಮ್ ಹಾಕಬೇಡಿ, ಅದು ನಡೆಯೋ ಮನೆಯ ಖರ್ಚು.

ಮದುವೆ ಸೀಸನ್‌ನಲ್ಲಿ ಒಂದು ದೂರು ಎಲ್ಲ ಹೋಸ್ಟ್‌ಗಳದ್ದೂ, ಅಂದ್ರೆ ಹೀಗೆ ಮನೆ ಕೊಡೋರದ್ದೂ: ಛತ್ರದ ಮದುವೆಗೆ ಬಂದವರು ಮೆಹಂದಿ ಕೈಯಲ್ಲಿ, ಅರಿಶಿನದ ಮೈಯಲ್ಲಿ ಮಲಗಿ ಹಾಸಿಗೆ ಹಾಳು ಮಾಡ್ತಾರೆ. ದಂಡ ಹಾಕೋದಕ್ಕಿಂತ ಸುಲಭ ಉಪಾಯ ಇದೆ. ಬೀರುವಿನಲ್ಲಿ ಎರಡು ಗಾಢ ಕಂದು ಬೆಡ್‌ಶೀಟ್, ಟವೆಲ್ ಇಟ್ಟು, "ಮದುವೆಗೆ ಬಂದಿದ್ರೆ ಇದನ್ನ ಬಳಸಿ" ಅಂತ ಚೀಟಿ ಅಂಟಿಸಿ. ಸಿಗರೇಟ್‌ಗೂ ಹೀಗೇ. ಒಳಗೆ ಬೇಡ ಅಂತ ಬರೆದು ಹೊರಗೆ ಜಾಗ ತೋರಿಸದಿದ್ರೆ ಬಚ್ಚಲಲ್ಲಿ ಸೇದ್ತಾರೆ. ಹಿತ್ತಲಲ್ಲಿ ಒಂದು ಕುರ್ಚಿ, ಒಂದು ಮಣ್ಣಿನ ಕುಂಡ ಇಡಿ. ಕಸಕ್ಕೂ ಎರಡು ಬಣ್ಣದ ಡಬ್ಬಿ, ಮೇಲೆ "ಹಸಿ ಕಸ", "ಒಣ ಕಸ". 2016ರ ಸ್ವಚ್ಛ ಸರ್ವೇಕ್ಷಣದಲ್ಲಿ ದೇಶಕ್ಕೇ ಮೊದಲು ಬಂದ ಊರು ನಮ್ಮದು. ಬೆರಕೆ ಕಸದ ಚೀಲವನ್ನ ಪೌರಕಾರ್ಮಿಕರ ಕೈಗೆ ಕೊಡೋದು ನಾಚಿಕೆ.

ಕ್ಯಾಮೆರಾ ಬಗ್ಗೆ ಕೇಳ್ತಾರೆ. ಗೇಟಿನಲ್ಲಿ, ಪಾರ್ಕಿಂಗ್‌ನಲ್ಲಿ ಹಾಕಿ, ಲಿಸ್ಟಿಂಗ್‌ನಲ್ಲಿ ತಿಳಿಸಿ. ಎಷ್ಟು ಜನ ಬಂದ್ರು ಅನ್ನೋದಕ್ಕೆ ಅದೇ ಸಾಕ್ಷಿ. ಮನೆಯೊಳಗೆ ಹಾಕಲೇಬಾರದು. ಏರ್‌ಬಿಎನ್‌ಬಿ 2024ರ ಏಪ್ರಿಲ್ 30ರಿಂದ ಒಳಗಿನ ಕ್ಯಾಮೆರಾಗಳನ್ನ ಪೂರ್ತಿ ನಿಷೇಧಿಸಿದೆ, ಕೋಣೆಯಲ್ಲಿ ಹೆಣ್ಣುಮಕ್ಕಳ ಖಾಸಗಿ ಕ್ಷಣ ಸೆರೆ ಹಿಡಿಯೋದು ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್ ಪ್ರಕಾರ ಜೈಲಿಗೆ ಹೋಗೋ ಅಪರಾಧ.

ಕೊನೆಗೆ ರಿವ್ಯೂ. ಬರೀರಿ, ಖಂಡಿತ ಬರೀರಿ, ಮುಂದಿನ ಹೋಸ್ಟ್ ಅದನ್ನ ನಂಬಿ ಮನೆ ಕೊಡ್ತಾರೆ. "ಕೆಟ್ಟ ಜನ" ಅಂತ ಬೇಡ. "ನಾಲ್ಕು ಜನಕ್ಕೆ ಬುಕ್ ಮಾಡಿ ಹನ್ನೊಂದು ಜನ ಇದ್ದರು, ಹೇಳಿದ ಮೇಲೆ ಹೊರಟರು" ಅಂತ ನಡೆದದ್ದನ್ನ ಬರೀರಿ. ಹೇಳಿದ ಮೇಲೆ ತಿದ್ದಿಕೊಂಡಿದ್ರೆ ಅದನ್ನೂ ಸೇರಿಸೋದು ನ್ಯಾಯ.

ಅದಕ್ಕೂ ಮುಂಚೆ, ಕಾಫಿ ಕುಡಿದು ಪಕ್ಕದ ಮನೆ ಅಂಕಲ್ ಹತ್ರ ಹೋಗಿ. ರಾತ್ರಿ ಏನಾಯ್ತು, ನೀವು ಏನು ಮಾಡಿದ್ರಿ ಅಂತ ಹೇಳಿ. ನಿಮ್ಮ ನಂಬರ್ ಜೊತೆ ಕೇರ್‌ಟೇಕರ್ ನಂಬರನ್ನೂ ಕೊಡಿ, ಮತ್ತೆ ಸದ್ದಾದ್ರೆ ಎಷ್ಟೇ ಹೊತ್ತಾಗಿದ್ರೂ ಫೋನ್ ಮಾಡಿ ಅನ್ನಿ. ಗೆಸ್ಟ್‌ಗೆ ಕಳಿಸೋ ಮೆಸೇಜ್‌ಗಳ ಪೂರ್ತಿ ಪಠ್ಯ ಕೆಳಗೆ ಡಿಸ್ಕ್ರಿಪ್ಷನ್‌ನಲ್ಲಿ ಹಾಕಿದ್ದೀನಿ, ಸಮಯ, ಜನರ ಸಂಖ್ಯೆ ಬದಲಾಯಿಸಿ ನಿಮ್ಮ ಮನೆಗೆ ಬಳಸಿಕೊಳ್ಳಿ.