ಒಂದು ಟ್ಯಾಂಕಿಗೆ ಎಷ್ಟು ದೂರ?

ಕೇಳುಗರೆಲ್ಲರಿಗೂ ನಮಸ್ಕಾರ.

ಸಣ್ಣ ಕಾರು ಕೊಳ್ಳಲು ಹೊರಟವರು ಮೊದಲು ಕೇಳುವುದು ಒಂದೇ ಮಾತು. ಮೈಲೇಜ್ ಎಷ್ಟು? ಕಂಪನಿಯ ಕಾಗದದಲ್ಲಿ ಒಂದು ಸಂಖ್ಯೆ ಇರುತ್ತದೆ. ಲೀಟರಿಗೆ 24 ಕಿಲೋಮೀಟರ್ ಅಂತಿಟ್ಟುಕೊಳ್ಳಿ. ಕಾರು ಮನೆಗೆ ಬಂದು ತಿಂಗಳು ಕಳೆಯುವಷ್ಟರಲ್ಲಿ ಅದು 17 ಅಥವಾ 18ಕ್ಕೆ ಬಂದು ನಿಂತಿರುತ್ತದೆ. ಆಗ ಕಾರಿನಲ್ಲೇ ಏನೋ ದೋಷ ಇದೆ ಅನ್ನಿಸುವುದು ಸಹಜ. ಆದರೆ ಬಹಳ ಸಲ ಕಾರು ಸರಿಯಾಗಿಯೇ ಇರುತ್ತದೆ. ಆ 24 ಹುಟ್ಟಿದ ಜಾಗ ಬೇರೆ, ನಾವು ಓಡಿಸುವ ಜಾಗ ಬೇರೆ.

ಕಂಪನಿ ಹೇಳುವ ಸಂಖ್ಯೆ ಪ್ರಯೋಗಾಲಯದ್ದು. ಅಲ್ಲಿ ಕಾರನ್ನು ರೋಲರುಗಳ ಮೇಲೆ ನಿಲ್ಲಿಸುತ್ತಾರೆ. ಚಕ್ರ ತಿರುಗುತ್ತದೆ, ಕಾರು ನಿಂತಲ್ಲೇ ಇರುತ್ತದೆ. ಯಾವ ಸೆಕೆಂಡಿಗೆ ಎಷ್ಟು ವೇಗ ಇರಬೇಕು ಅನ್ನುವುದು ಮೊದಲೇ ಗೊತ್ತಾಗಿರುತ್ತದೆ. ಚಾಲಕ ಅದನ್ನು ಚಾಚೂ ತಪ್ಪದೆ ಪಾಲಿಸುತ್ತಾನೆ. ಹೊಗೆಯಲ್ಲಿ ಬಂದ ಇಂಗಾಲವನ್ನು ಅಳೆದು, ಎಷ್ಟು ಪೆಟ್ರೋಲ್ ಉರಿಯಿತು ಅಂತ ಲೆಕ್ಕ ತೆಗೆಯುತ್ತಾರೆ. ಎಲ್ಲ ಕಾರುಗಳನ್ನೂ ಒಂದೇ ಅಳತೆಗೆ ತರಬೇಕಾದರೆ ಇಂಥದ್ದೊಂದು ವ್ಯವಸ್ಥೆ ಬೇಕೇ ಬೇಕು.

ತೊಂದರೆ ಇರುವುದು ಆ ಅಳತೆ ರಸ್ತೆಗೆ ಎಷ್ಟು ಹತ್ತಿರ ಅನ್ನುವುದರಲ್ಲಿ. ಯುರೋಪಿನಲ್ಲಿ ಬಹಳ ವರ್ಷ ಎನ್‌ಇಡಿಸಿ ಅನ್ನುವ ಪರೀಕ್ಷೆ ಇತ್ತು. ಸುಮಾರು 20 ನಿಮಿಷ, 11 ಕಿಲೋಮೀಟರ್, ಸರಾಸರಿ ವೇಗ ಗಂಟೆಗೆ 34 ಕಿಲೋಮೀಟರ್. ವೇಗ ಏರುತ್ತಿದ್ದುದೂ ತೀರಾ ನಿಧಾನ. ನಿಜವಾದ ರಸ್ತೆಯಲ್ಲಿ ಯಾರೂ ಹಾಗೆ ಓಡಿಸುವುದಿಲ್ಲ. 2017ರಿಂದ ಅದರ ಜಾಗಕ್ಕೆ ಡಬ್ಲ್ಯುಎಲ್‌ಟಿಪಿ ಬಂತು. ಇದು ಅರ್ಧ ಗಂಟೆಯದು, 23 ಕಿಲೋಮೀಟರಿನದು, ವೇಗ 131ರ ತನಕ ಹೋಗುತ್ತದೆ. ಆದರೂ ಪರೀಕ್ಷೆ ನಡೆಯುವಾಗ ಎಸಿ ಬಂದ್. ಅಮೆರಿಕದವರು 2008ರ ಮಾದರಿಗಳಿಂದ ಇನ್ನೂ ಮುಂದೆ ಹೋದರು. ಎಸಿ ಹಾಕಿಕೊಂಡು ಬಿಸಿಯಲ್ಲಿ ಓಡಿಸುವುದು, ಕೊರೆಯುವ ಚಳಿಯಲ್ಲಿ ಓಡಿಸುವುದು, ಜೋರಾಗಿ ಓಡಿಸುವುದು, ಇವೆಲ್ಲವನ್ನೂ ಲೆಕ್ಕಕ್ಕೆ ಸೇರಿಸಿದರು. ಹಾಗಾಗಿ ಒಂದೇ ಕಾರಿಗೆ ಬೇರೆ ಬೇರೆ ದೇಶಗಳಲ್ಲಿ ಬೇರೆ ಬೇರೆ ಮೈಲೇಜ್ ಬರೆದಿರುತ್ತದೆ. ಯಾವ ಪರೀಕ್ಷೆಯ ಸಂಖ್ಯೆ ಅಂತ ಕೇಳದೆ ಎರಡು ಕಾರುಗಳನ್ನು ಹೋಲಿಸಬೇಡಿ.

ಡಬ್ಲ್ಯುಎಲ್‌ಟಿಪಿ ಬಂದ ಮೇಲೂ ಅಂತರ ಪೂರ್ತಿ ಹೋಗಿಲ್ಲ. 2021ರಲ್ಲಿ ಯುರೋಪಿನಲ್ಲಿ ರಸ್ತೆಗಿಳಿದ ಹೊಸ ಕಾರುಗಳ ಒಳಗೇ ಇಂಧನ ಅಳೆಯುವ ವ್ಯವಸ್ಥೆ ಇತ್ತು. ಅದರ ಲೆಕ್ಕ ತೆಗೆದು ನೋಡಿದರು. ಪೆಟ್ರೋಲ್ ಮತ್ತು ಡೀಸೆಲ್ ಕಾರುಗಳು ಕಾಗದದಲ್ಲಿ ಇದ್ದದ್ದಕ್ಕಿಂತ ಸರಾಸರಿ ಶೇಕಡಾ 20ರಷ್ಟು ಜಾಸ್ತಿ ಇಂಧನ ಕುಡಿದಿದ್ದವು. ಅಂದರೆ ಕಾಗದದ 24, ರಸ್ತೆಯಲ್ಲಿ 20. ಇದು ಸರಾಸರಿ. ಕೆಲವರಿಗೆ 22 ಸಿಗುತ್ತದೆ, ಕೆಲವರಿಗೆ 14.

ಒಂದೇ ಕಾರು ಒಬ್ಬರಿಗೆ 22, ಇನ್ನೊಬ್ಬರಿಗೆ 14 ಯಾಕೆ ಕೊಡುತ್ತದೆ?

ಮೊದಲು ಟ್ರಾಫಿಕ್ ನೋಡೋಣ. ನಿಂತ ಕಾರಿನ ಸಣ್ಣ ಎಂಜಿನ್ ಕೂಡ ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ಸುಡುತ್ತದೆ. 10 ಕಿಲೋಮೀಟರಿನ ದಾರಿ ಇದೆ ಅನ್ನಿ. ರಸ್ತೆ ಖಾಲಿ ಇದ್ದರೆ ಅರ್ಧ ಲೀಟರಿನಲ್ಲಿ ಮುಗಿಯುತ್ತದೆ, ಮೈಲೇಜ್ 20. ಅದೇ ದಾರಿಯಲ್ಲಿ ಸಿಗ್ನಲ್, ಜಾಮ್ ಅಂತ ಅರ್ಧ ಗಂಟೆ ಸುಮ್ನೆ ನಿಂತರೆ ಇನ್ನೊಂದು 300 ಮಿಲಿಲೀಟರ್ ಹೋಗುತ್ತದೆ. ಈಗ ಮೈಲೇಜ್ ಹನ್ನೆರಡೂವರೆ. ಕಾರು ಅದೇ, ದಾರಿ ಅದೇ, ಓಡಿಸಿದವರೂ ಅವರೇ.

ನಿಲ್ಲುವುದರ ಜೊತೆಗೆ ಬ್ರೇಕ್ ಇದೆ. ಒಂದು ಟನ್ ತೂಕದ ಕಾರನ್ನು 50ರ ವೇಗಕ್ಕೆ ತರಲು ಪೆಟ್ರೋಲ್ ಖರ್ಚಾಗಿರುತ್ತದೆ. ಬ್ರೇಕ್ ಒತ್ತಿದ ಕೂಡಲೇ ಆ ಶಕ್ತಿಯೆಲ್ಲ ಬಿಸಿಯಾಗಿ ಗಾಳಿಗೆ ಹೋಗುತ್ತದೆ. ದೂರದಲ್ಲಿ ಕೆಂಪು ದೀಪ ಕಂಡ ತಕ್ಷಣ ಆಕ್ಸಿಲರೇಟರಿನಿಂದ ಕಾಲು ತೆಗೆದುಬಿಡಿ. ಗೇರಿನಲ್ಲೇ ಬಿಡಿ. ಈಗಿನ ಕಾರುಗಳಲ್ಲಿ ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಆಗ ಪೆಟ್ರೋಲನ್ನು ಪೂರ್ತಿ ನಿಲ್ಲಿಸುತ್ತದೆ. ಚಕ್ರವೇ ಎಂಜಿನ್ ತಿರುಗಿಸುತ್ತಾ ಹೋಗುತ್ತದೆ. ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕಿದರೆ ಉಳಿತಾಯ ಅಂತ ಬಹಳ ಜನ ನಂಬಿದ್ದಾರೆ. ನ್ಯೂಟ್ರಲ್‌ನಲ್ಲಿ ಎಂಜಿನ್ ತಾನೇ ಉರಿದು ತಿರುಗಬೇಕು, ಹಾಗಾಗಿ ಪೆಟ್ರೋಲ್ ಬೇಕು. ಎಂಜಿನ್ ಹಿಡಿತವೂ ತಪ್ಪಿ, ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಉದ್ದ ಇಳಿಜಾರಿನಲ್ಲಿ ಬ್ರೇಕ್ ಕಾದುಹೋದರೆ ಜೀವಕ್ಕೇ ಅಪಾಯ. ದಯವಿಟ್ಟು ಇದನ್ನು ಬಿಟ್ಟುಬಿಡಿ.

ಇನ್ನು ಹೆದ್ದಾರಿ. ಇಲ್ಲಿ ಲೆಕ್ಕ ಗಾಳಿಯದು. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. 80ರಿಂದ 110ಕ್ಕೆ ಹೋದರೆ ಗಾಳಿಯ ತಡೆ ಹೆಚ್ಚುಕಡಿಮೆ ದುಪ್ಪಟ್ಟು. ಸಣ್ಣ ಕಾರಿನ ಮಟ್ಟಿಗೆ ಇದು ಗಮನಿಸಬೇಕಾದ ವಿಷಯ. ಅದರ ದೊಡ್ಡ ಬಲ ಹಗುರ ಮೈ. ನಿಂತು ಹೊರಡುವ ಊರಿನ ಓಡಾಟದಲ್ಲಿ ಅದು ಚೆನ್ನಾಗಿ ಕೆಲಸಕ್ಕೆ ಬರುತ್ತದೆ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ತೂಕಕ್ಕಿಂತ ಮೈಯ ಅಗಲ, ಎತ್ತರ, ಆಕಾರ ಮುಖ್ಯವಾಗುತ್ತವೆ. ಒಳಗೆ ಕೂರುವ ಜನ ಅಷ್ಟೇ ಎತ್ತರ ಇರುತ್ತಾರೆ, ಅಲ್ವಾ? ಹಾಗಾಗಿ ಸಣ್ಣ ಕಾರಿನ ಮುಂಭಾಗ ದೊಡ್ಡ ಕಾರಿನದಕ್ಕಿಂತ ತೀರಾ ಚಿಕ್ಕದಾಗಿರುವುದಿಲ್ಲ. ಹಿಂಭಾಗ ಮೊಟಕಾಗಿ ಕತ್ತರಿಸಿದಂತೆ ಇದ್ದರೆ ಅಲ್ಲಿ ಗಾಳಿ ಸುಳಿಸುತ್ತಿ ಕಾರನ್ನು ಹಿಂದಕ್ಕೆ ಎಳೆಯುತ್ತದೆ. ಊರಿನಲ್ಲಿ ದೊಡ್ಡ ಕಾರಿಗಿಂತ ಎಷ್ಟೋ ಮುಂದಿದ್ದ ಸಣ್ಣ ಕಾರು, 120ರ ವೇಗದಲ್ಲಿ ಆ ಲಾಭದಲ್ಲಿ ಬಹಳಷ್ಟನ್ನು ಕಳೆದುಕೊಳ್ಳುವುದು ಇದರಿಂದಲೇ. ಬಹುಪಾಲು ಸಣ್ಣ ಕಾರುಗಳು ಚೆನ್ನಾದ ಮೈಲೇಜ್ ಕೊಡುವುದು ಟಾಪ್ ಗೇರಿನಲ್ಲಿ, 60ರಿಂದ 80ರೊಳಗೆ, ಒಂದೇ ಸಮ ಓಡಿಸಿದಾಗ.

ಮೇಲೆ ಲಗೇಜ್ ಪೆಟ್ಟಿಗೆ ಕಟ್ಟಿದರೆ ಹೆದ್ದಾರಿಯ ವೇಗದಲ್ಲಿ ಶೇಕಡಾ 10ರಿಂದ 25ರವರೆಗೆ ಮೈಲೇಜ್ ಬೀಳಬಹುದು. ಅದೇ ಸಾಮಾನನ್ನು ಡಿಕ್ಕಿಯಲ್ಲಿ ಇಟ್ಟರೆ 45 ಕಿಲೋ ತೂಕಕ್ಕೆ ಸುಮಾರು ಶೇಕಡಾ 1 ಅಷ್ಟೇ. ಪೆಟ್ಟಿಗೆ ಕೆಲಸ ಮುಗಿದ ಮೇಲೆ ಬಿಚ್ಚಿಡಿ.

ಚಳಿ ಮತ್ತು ಸಣ್ಣ ಓಡಾಟ ಸೇರಿದರೆ ಹೊಡೆತ ಇನ್ನೂ ಜೋರು. ಎಂಜಿನ್, ಗೇರ್‌ಬಾಕ್ಸ್, ಅವುಗಳ ಆಯಿಲ್, ಟೈರ್, ಎಲ್ಲವೂ ಬೆಚ್ಚಗಾಗುವ ತನಕ ಪೆಟ್ರೋಲ್ ಜಾಸ್ತಿ ಬೇಕು. ಸೊನ್ನೆಗಿಂತ 7 ಡಿಗ್ರಿ ಕೆಳಗಿನ ಚಳಿಯಲ್ಲಿ, 25 ಡಿಗ್ರಿಯ ಹವೆಗೆ ಹೋಲಿಸಿದರೆ, ಊರಿನೊಳಗಿನ ಮೈಲೇಜ್ ಸುಮಾರು ಶೇಕಡಾ 15 ಕಡಿಮೆಯಾಗುತ್ತದೆ. ಐದಾರು ಕಿಲೋಮೀಟರಿನ ಓಡಾಟವಾದರೆ ಶೇಕಡಾ 24ರವರೆಗೂ ಹೋಗಬಹುದು. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ಸಂಜೆ ಒಂದು ಅಂತ ಕೆಲಸಗಳನ್ನು ಚದುರಿಸುವ ಬದಲು ಒಂದೇ ಸುತ್ತಿನಲ್ಲಿ ಮುಗಿಸಿದರೆ ಎಂಜಿನ್ ಒಮ್ಮೆ ಬೆಚ್ಚಗಾದರೆ ಸಾಕು.

ಎಸಿ ಹಾಕಿದರೆ ಮೈಲೇಜ್ ಇಳಿಯುತ್ತದೆ, ಅದರಲ್ಲೂ ಬಿಸಿಲಲ್ಲಿ ನಿಂತ ಕಾರನ್ನು ಸ್ವಲ್ಪ ದೂರಕ್ಕೆ ಒಯ್ಯುವಾಗ. ಟೈರಿನಲ್ಲಿ ಗಾಳಿ ಕಡಿಮೆಯಾದರೂ ಇಳಿಯುತ್ತದೆ. ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿದ್ದರೂ ಅಷ್ಟೇ. ಎಥನಾಲ್‌ನ ಒಂದು ಲೀಟರಿನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಶಕ್ತಿ ಕಡಿಮೆ. ಶೇಕಡಾ 10 ಬೆರೆಸಿದರೆ ಮೈಲೇಜ್ ಸುಮಾರು ಶೇಕಡಾ 3 ತಗ್ಗುತ್ತದೆ.

ಇಷ್ಟೆಲ್ಲ ಇರುವಾಗ ನಮ್ಮ ಕಾರಿನ ನಿಜವಾದ ಮೈಲೇಜ್ ತಿಳಿಯುವುದು ಹೇಗೆ? ಫುಲ್ ಟ್ಯಾಂಕ್‌ನಿಂದ ಫುಲ್ ಟ್ಯಾಂಕ್ ಲೆಕ್ಕ. ಇದರಲ್ಲಿ ನನಗೆ ಸ್ವಲ್ಪ ಹಠವೇ ಇದೆ. ಬಂಕಿನಲ್ಲಿ ನಳಿಕೆ ತಾನಾಗಿ ಕಟ್ ಆಗುವ ತನಕ ತುಂಬಿಸಿ, ಅಲ್ಲಿಗೆ ನಿಲ್ಲಿಸಿ. ಟ್ರಿಪ್ ಮೀಟರ್ ಸೊನ್ನೆ ಮಾಡಿ. ಮುಂದಿನ ಸಲ ಮತ್ತೆ ಕಟ್ ಆಗುವ ತನಕ ತುಂಬಿಸಿ. ಓಡಿದ ದೂರವನ್ನು ಈ ಸಲ ಹಿಡಿಸಿದ ಲೀಟರಿನಿಂದ ಭಾಗಿಸಿ. ಸಾಧ್ಯವಾದರೆ ಅದೇ ಬಂಕ್, ಅದೇ ಪಂಪ್ ಇರಲಿ. ಕಾರು ಒಂದು ಕಡೆ ವಾಲಿ ನಿಂತಿದ್ದರೂ ಒಂದೆರಡು ಲೀಟರ್ ಆಚೀಚೆ ಆಗಬಹುದು. ಕಟ್ ಆದ ಮೇಲೂ ಕುತ್ತಿಗೆ ತನಕ ತುಂಬಿಸಬೇಡಿ. ಪೆಟ್ರೋಲಿನ ಆವಿ ಹೀರುವ ಇದ್ದಿಲಿನ ಡಬ್ಬಿಗೆ ದ್ರವ ನುಗ್ಗಿ ಅದು ಕೆಡುತ್ತದೆ.

ಒಂದೇ ಟ್ಯಾಂಕಿನ ಲೆಕ್ಕ ನಂಬಬೇಡಿ. ಹಲವು ಸಲ ಬರೆದಿಡಿ. ಆದರೆ ಮೈಲೇಜ್‌ಗಳನ್ನು ಕೂಡಿಸಿ ಸರಾಸರಿ ತೆಗೆಯುವುದು ತಪ್ಪು. ಹೋಗುವಾಗ 300 ಕಿಲೋಮೀಟರಿಗೆ 20 ಬಂತು, ಬರುವಾಗ ಅದೇ 300ಕ್ಕೆ 10 ಬಂತು ಅನ್ನಿ. ಸರಾಸರಿ 15 ಅಲ್ಲ. ಹೋಗುವಾಗ 15 ಲೀಟರ್, ಬರುವಾಗ 30 ಲೀಟರ್. 600ನ್ನು 45ರಿಂದ ಭಾಗಿಸಿದರೆ 13.3 ಬರುತ್ತದೆ. ಒಟ್ಟು ದೂರ, ಒಟ್ಟು ಲೀಟರ್, ಯಾವಾಗಲೂ ಹೀಗೇ ಹಾಕಿ.

ಕಾರಿನ ಪರದೆ ತೋರಿಸುವ ಮೈಲೇಜ್ ಕೂಡ ಒಂದು ಅಂದಾಜು. ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿತ್ತು ಅನ್ನುವುದರಿಂದ ಅದು ಲೆಕ್ಕ ಹಾಕುತ್ತದೆ. ನಿಮ್ಮ ಪುಸ್ತಕದ ಲೆಕ್ಕದ ಪಕ್ಕ ಇಟ್ಟು ನೋಡಿ. ಪ್ರತಿ ಸಲ ಒಂದೇ ಪ್ರಮಾಣದಲ್ಲಿ ಜಾಸ್ತಿ ತೋರಿಸುತ್ತಿದ್ದರೆ ಅಷ್ಟನ್ನು ಕಳೆದುಕೊಂಡರಾಯಿತು. ಟೈರ್ ಸವೆದರೆ ಇನ್ನೊಂದು ಸೂಕ್ಷ್ಮ ಇದೆ. ಸವೆದ ಚಕ್ರ ಚಿಕ್ಕದು, ಅದೇ ದೂರಕ್ಕೆ ಹೆಚ್ಚು ಸುತ್ತು ಸುತ್ತುತ್ತದೆ. ಹಾಗಾಗಿ ಮೀಟರಿನಲ್ಲಿ ದೂರ ಶೇಕಡಾ 2ರ ತನಕ ಜಾಸ್ತಿ ಕಾಣಬಹುದು. ಹೊಸ ಟೈರ್ ಹಾಕಿಸಿದ ಮೇಲೆ ಮೈಲೇಜ್ ಬಿದ್ದಂತೆ ಅನ್ನಿಸುವುದರಲ್ಲಿ ಇದರ ಪಾಲೂ ಇದೆ.

ಈಗ ದೂರದ ಪ್ರಶ್ನೆ. ಟ್ಯಾಂಕ್ 40 ಲೀಟರಿನದು ಅನ್ನಿ. ಕಾಗದದ 24ರಿಂದ ಗುಣಿಸಿದರೆ 960 ಕಿಲೋಮೀಟರ್. ಕಿವಿಗೆ ಇಂಪಾಗಿದೆ, ಆದರೆ ಈ ಲೆಕ್ಕ ಹಿಡಿದು ದೂರ ಹೊರಡಬೇಡಿ. ಕೆಳಗಿನ 5 ಲೀಟರ್ ಮುಟ್ಟುವುದಿಲ್ಲ ಅಂತಿಟ್ಟುಕೊಂಡರೆ ಉಳಿದದ್ದು 35. ಅದನ್ನು ನಿಮ್ಮ ಸರಾಸರಿಯಿಂದಲೂ ಗುಣಿಸಬೇಡಿ. ಅಂಥದೇ ರಸ್ತೆಯಲ್ಲಿ ನಿಮಗೆ ಬಂದ ಅತಿ ಕಡಿಮೆ ಮೈಲೇಜಿನಿಂದ ಗುಣಿಸಿ. ಅದು 15 ಆಗಿದ್ದರೆ 525 ಕಿಲೋಮೀಟರ್. ಬಂಕ್ ಇಲ್ಲದ ದಾರಿಯಲ್ಲಿ, ಎದುರುಗಾಳಿಯಲ್ಲಿ, ಐದು ಜನ ಕೂತು ಎಸಿ ಹಾಕಿಕೊಂಡು ಹೋಗುವಾಗಲೂ ಈ ಸಂಖ್ಯೆ ಕೈ ಹಿಡಿಯುತ್ತದೆ.

ಕೆಳಗಿನ ಪೆಟ್ರೋಲ್ ಉಳಿಸಿಕೊಳ್ಳಲು ಇನ್ನೊಂದು ಕಾರಣವೂ ಇದೆ. ಈಗಿನ ಕಾರುಗಳಲ್ಲಿ ಪೆಟ್ರೋಲ್ ಪಂಪ್ ಟ್ಯಾಂಕಿನೊಳಗೇ ಇರುತ್ತದೆ. ಅದನ್ನು ತಂಪಾಗಿ ಇಡುವುದು ಸುತ್ತಲಿನ ಪೆಟ್ರೋಲೇ. ಯಾವಾಗಲೂ ರಿಸರ್ವ್‌ನಲ್ಲೇ ಓಡಿಸಿದರೆ ಪಂಪಿನ ಆಯಸ್ಸು ಕಡಿಮೆಯಾಗುತ್ತದೆ.

ಇನ್ನು ಎಷ್ಟು ದೂರ ಹೋಗಬಹುದು ಅಂತ ಪರದೆ ತೋರಿಸುತ್ತದಲ್ಲ, ಅದು ಇತ್ತೀಚಿನ ಓಟವನ್ನು ನೋಡಿ ಹೇಳುವ ಮಾತು. ಸಮತಟ್ಟಾದ ಹೆದ್ದಾರಿ ಮುಗಿಸಿ ಬೆಟ್ಟದ ಬುಡಕ್ಕೆ ಬಂದಾಗ ಅದು 120 ಅನ್ನಬಹುದು. ಮುಂದಿನ ಏರು ಅದಕ್ಕೆ ಗೊತ್ತಿರುವುದಿಲ್ಲ. ಹತ್ತಲು ಶುರು ಮಾಡಿದ ಮೇಲೆ 10 ಕಿಲೋಮೀಟರಿನಲ್ಲಿ 40 ಇಳಿದುಬಿಡಬಹುದು. ಅಂಥ ದಾರಿ ಮುಂದಿದ್ದರೆ, ಪರದೆ ಏನೇ ಹೇಳಲಿ, ಬೆಟ್ಟದ ಕೆಳಗೇ ಟ್ಯಾಂಕ್ ತುಂಬಿಸಿಕೊಂಡು ಹೊರಡಿ. ನಮಸ್ಕಾರ.